‘ಆಮೇಲೆ ಏನೋ ಆಯಿತಂತೆ!’

ನಮ್ಮ ಸಂಘದ ಸಭಾಂಗಣ ತುಂಬುವುದು ವರ್ಷಕ್ಕೊಮ್ಮೆ ರಾಜ್ಯೋತ್ಸವಕ್ಕೆ. ಅದು ಬಿಟ್ಟರೆ ಶ್ರದ್ಧಾಂಜಲಿ ಸಭೆಗಳಿಗೆ. ರಾಜ್ಯೋತ್ಸವದ ಭಾಷಣಗಳಿಗೆ ಒಂದು ಖಾಯಂ ವಾಕ್ಯವಿರುವಂತೆ ಶ್ರದ್ಧಾಂಜಲಿ ಸಭೆಗೂ ಒಂದಿದೆ. ವೇದಿಕೆಯ ಮೇಲಲ್ಲ, ಹಿಂದಿನ ಸಾಲಿನ ಕುರ್ಚಿಗಳಲ್ಲಿ ಪಿಸುದನಿಯಲ್ಲಿ ಕೇಳಿಬರುವ ಮಾತು ಅದು. “ಜ್ವರವೇನೋ ಬಿಟ್ಟಿತ್ತು ಸ್ವಾಮಿ, ಎದ್ದು ಓಡಾಡುತ್ತಿದ್ದರು. ಆಮೇಲೆ ಏನೋ ಆಯಿತಂತೆ!” “ಆಪರೇಷನ್ ಚೆನ್ನಾಗಿಯೇ ಆಗಿತ್ತು, ಮನೆಗೂ ಬಂದಿದ್ದರು. ಆಮೇಲೆ ಏನೋ ಆಯಿತಂತೆ!” “ಕಾಲಿಗೆ ಒಂದು ಚಪ್ಪಲಿ ಕಚ್ಚಿದ ಗಾಯ, ಅಷ್ಟೆ. ಆಮೇಲೆ ಏನೋ...”

ಹೀಗೆಂದು ತಲೆ ಅಲ್ಲಾಡಿಸಿ, ಕಾಫಿ ಕುಡಿದು, ಲೋಕಲ್ ಗಾಡಿ ಹಿಡಿದು ಮನೆಗೆ ಹೋಗುತ್ತೇವೆ. ಆ ‘ಏನೋ’ ಯಾವುದು ಎಂದು ಒಬ್ಬರೂ ಕೇಳುವುದಿಲ್ಲ. ವಿಧಿಗೆ ನಾವು ಇಟ್ಟಿರುವ ಇನ್ನೊಂದು ಹೆಸರು ಅದು ಎಂಬಂತೆ ಸುಮ್ಮನಾಗುತ್ತೇವೆ.

ನಾವು ಇಂದು ಜಗಳಕ್ಕೆ ನಿಂತಿರುವುದು ಈ ‘ಏನೋ’ ಎಂಬ ಒಂದು ಪದದ ಮೇಲೆ. ಅದು ಅನಾಮಧೇಯವಲ್ಲ. ಅದಕ್ಕೆ ಹೆಸರುಗಳಿವೆ: ನ್ಯುಮೋನಿಯಾ, ಧನುರ್ವಾಯು, ಗ್ಯಾಂಗ್ರೀನ್, ಕಪ್ಪು ಶಿಲೀಂಧ್ರ, ರಕ್ತದ ನಂಜು. ಇವೆಲ್ಲ ಮೊದಲ ಕಾಯಿಲೆಯೋ ಪೆಟ್ಟೋ ತೆರೆದಿಟ್ಟ ಬಾಗಿಲಿನಿಂದ ಒಳಬರುವ ಎರಡನೆಯ ಸೋಂಕುಗಳು. ಇವುಗಳಲ್ಲಿ ಹೆಚ್ಚಿನವು ಬರುವ ದಾರಿ ಗೊತ್ತಿದೆ, ಬರುವ ಕಾಲವೂ ಸುಮಾರಾಗಿ ಗೊತ್ತಿದೆ, ತಡೆಯುವ ಉಪಾಯವೂ ಗೊತ್ತಿದೆ. ಗೊತ್ತಿದ್ದೂ ನಾವು ಕಾಯುವುದಿಲ್ಲ. ಏಕೆಂದರೆ ನಮ್ಮ ಲೆಕ್ಕದಲ್ಲಿ ಜ್ವರ ಇಳಿದ ದಿನ ರೋಗದ ಕಡತ ಮುಚ್ಚಿಹೋಗುತ್ತದೆ. ನಮ್ಮ ಅಜ್ಜಿಯರಿಗೆ ಈ ವಿಷಯ ನಮಗಿಂತ ಚೆನ್ನಾಗಿ ತಿಳಿದಿತ್ತು. ಮಳೆ ನಿಂತರೂ ಮರದ ಹನಿ ನಿಲ್ಲುವುದಿಲ್ಲ ಎನ್ನುತ್ತಿದ್ದರು.

ಹಳೆಯ ಉದಾಹರಣೆಯೊಂದರಿಂದ ಆರಂಭಿಸೋಣ. ಅದು ನಾವಿರುವ ಈ ಮುಂಬಯಿಯದೇ. 1918ರ ಬೇಸಿಗೆಯ ಕೊನೆಯಲ್ಲಿ ಇಲ್ಲಿನ ಬಂದರಿಗೆ ಇನ್‌ಫ್ಲುಯೆಂಜಾ ಬಂತು. ಮೊದಲ ಸುತ್ತು ಸಾಧಾರಣವಾಗಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಬಂದ ಎರಡನೆಯ ಸುತ್ತು ಊರನ್ನೇ ಗುಡಿಸಿಹಾಕಿತು. ರೈಲು ಹೋದಲ್ಲೆಲ್ಲ ಅದೂ ಹೋಯಿತು. ಇಡೀ ದೇಶದಲ್ಲಿ ಒಂದು ಕೋಟಿಗೂ ಮೀರಿ ಜನ ಸತ್ತರು. ನಮ್ಮ ಜನಗಣತಿಗಳ ಇತಿಹಾಸದಲ್ಲಿ ದೇಶದ ಜನಸಂಖ್ಯೆ ಏರುವ ಬದಲು ಇಳಿದ ದಶಕ ಒಂದೇ ಒಂದು, 1911ರಿಂದ 1921. ಅದಕ್ಕೆ ಮುಖ್ಯ ಕಾರಣ ಈ ಜ್ವರ.

ಆದರೆ ಕೊಂದದ್ದು ಆ ಜ್ವರವೇ ಏನು? ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು 2008ರಲ್ಲಿ, 1918-19ರಲ್ಲಿ ಸತ್ತ 58 ಜನರ ಶ್ವಾಸಕೋಶದ ತುಣುಕುಗಳನ್ನು ಸೂಕ್ಷ್ಮದರ್ಶಕದಡಿ ಮತ್ತೆ ಪರೀಕ್ಷಿಸಿದರು. ಆ ಕಾಲದ ಎಂಟು ಸಾವಿರಕ್ಕೂ ಹೆಚ್ಚು ಶವಪರೀಕ್ಷೆಗಳ ವರದಿಗಳನ್ನೂ ಓದಿ ನೋಡಿದರು. ಅವರು ಕಂಡುಕೊಂಡದ್ದು ಇದು: ಸತ್ತವರಲ್ಲಿ ಬಹುಪಾಲು ಜನರನ್ನು ಕೊಂದದ್ದು ಫ್ಲೂ ವೈರಸ್ ಒಂದೇ ಅಲ್ಲ, ಅದು ದಾರಿ ಮಾಡಿಕೊಟ್ಟ ಮೇಲೆ ಶ್ವಾಸಕೋಶಕ್ಕೆ ಇಳಿದ ಬ್ಯಾಕ್ಟೀರಿಯಾ. ಅದೂ ಎಲ್ಲಿಂದಲೋ ಹಾರಿಬಂದ ಪರದೇಶಿ ಬ್ಯಾಕ್ಟೀರಿಯಾ ಅಲ್ಲ. ಆರೋಗ್ಯವಂತರ ಮೂಗು-ಗಂಟಲಲ್ಲಿ ಸದಾ ವಾಸಿಸುವಂಥದ್ದು.

ಇದು ನಡೆಯುವ ಬಗೆ ಸರಳ. ನಮ್ಮ ಶ್ವಾಸನಾಳದ ಒಳಮೈಗೆ ಸೂಕ್ಷ್ಮವಾದ ಕೂದಲಿನಂಥ ಎಳೆಗಳಿವೆ. ಅವು ಹಗಲಿರುಳು ಅಲೆಯಾಡುತ್ತ ಧೂಳು, ಕಫ, ಸೂಕ್ಷ್ಮಾಣುಜೀವಿಗಳನ್ನು ಮೇಲಕ್ಕೆ ಗುಡಿಸಿ ಹಾಕುತ್ತಿರುತ್ತವೆ. ಫ್ಲೂ ವೈರಸ್ ಆ ಪದರವನ್ನೇ ಕಿತ್ತುಹಾಕುತ್ತದೆ. ಜ್ವರ ಇಳಿಯುತ್ತದೆ, ಮೈ ಹಗುರಾಗುತ್ತದೆ, ಆದರೆ ಕಿತ್ತುಹೋದ ಪದರ ಅದೇ ದಿನ ಬೆಳೆಯುವುದಿಲ್ಲ. ಅದಕ್ಕೆ ವಾರಗಳು ಬೇಕು. ಕಸ ಗುಡಿಸುವವರು ಇಲ್ಲದ ಆ ಮನೆಯಲ್ಲಿ ಗಂಟಲಿನ ಬ್ಯಾಕ್ಟೀರಿಯಾ ಕೆಳಗಿಳಿದು ಬಿಡಾರ ಹೂಡುತ್ತದೆ. ಇಳಿದ ಜ್ವರ ಎರಡು ಮೂರು ದಿನಕ್ಕೆ ಮತ್ತೆ ಏರುತ್ತದೆ, ಕಫದ ಬಣ್ಣ ಬದಲಾಗುತ್ತದೆ, ಉಸಿರು ಕಟ್ಟುತ್ತದೆ. ಇದೇ ನಮ್ಮ ‘ಆಮೇಲೆ ಏನೋ’.

“ಅದು ಪೆನಿಸಿಲಿನ್ ಬರುವ ಮುಂಚಿನ ಮಾತು, ಈಗ ಹಾಗಿಲ್ಲ” ಎಂದು ವಾದಿಸುವವರಿದ್ದಾರೆ. ಅವರಿಗೆ ನೂರು ವರ್ಷ ಹಿಂದಕ್ಕೆ ಹೋಗುವ ಶ್ರಮ ಬೇಡ. 2021ರ ಮೇ-ಜೂನ್ ತಿಂಗಳುಗಳನ್ನು ನೆನಪಿಸಿಕೊಂಡರೆ ಸಾಕು.

ಕೊರೋನಾದ ಎರಡನೆಯ ಅಲೆಯಲ್ಲಿ ಬದುಕಿ ಮನೆಗೆ ಬಂದವರು, ಆರತಿ ಎತ್ತಿಸಿಕೊಂಡವರು, ಒಂದೆರಡು ವಾರದಲ್ಲಿ ಮೂಗು ಕಟ್ಟಿ, ಕೆನ್ನೆ ನೋವಾಗಿ, ಕಣ್ಣು ಊದಿ ಆಸ್ಪತ್ರೆಗೆ ಮರಳಿದರು. ಪತ್ರಿಕೆಗಳು ಅದನ್ನು ಕಪ್ಪು ಶಿಲೀಂಧ್ರ ಎಂದವು. ವೈದ್ಯರ ಭಾಷೆಯಲ್ಲಿ ಮ್ಯೂಕರ್‌ಮೈಕೋಸಿಸ್. 2021ರ ಜೂನ್ 28ರಂದು ಕೇಂದ್ರ ಸರ್ಕಾರ ನೀಡಿದ ಲೆಕ್ಕದಂತೆ ಅಲ್ಲಿಯವರೆಗೆ ದೇಶದಲ್ಲಿ 40,845 ಜನರಿಗೆ ಈ ರೋಗ ತಗುಲಿತ್ತು; 3,129 ಜನ ಸತ್ತಿದ್ದರು. ರೋಗಿಗಳಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಮಂದಿ ಕೊರೋನಾ ಬಂದವರು. ನೂರಕ್ಕೆ 64 ಮಂದಿ ಸಕ್ಕರೆ ಕಾಯಿಲೆಯವರು. ನೂರಕ್ಕೆ 52ಕ್ಕೂ ಹೆಚ್ಚು ಮಂದಿ ಸ್ಟೆರಾಯ್ಡ್ ತೆಗೆದುಕೊಂಡವರು. ಈ ಕೊನೆಯ ಎರಡು ಅಂಕಿಗಳನ್ನು ಓದುಗರು ದಯವಿಟ್ಟು ಮತ್ತೊಮ್ಮೆ ಓದಬೇಕು.

ಈ ಬೂಷ್ಟು ಎಲ್ಲೆಲ್ಲೂ ಇದೆ. ಮಣ್ಣಿನಲ್ಲಿದೆ, ಕೊಳೆತ ಎಲೆಯಲ್ಲಿದೆ, ಹಳಸಿದ ಬ್ರೆಡ್ಡಿನ ಮೇಲಿದೆ. ಅದರ ಬೀಜಕಣಗಳನ್ನು ನಾವೆಲ್ಲರೂ ದಿನವೂ ಉಸಿರಾಡುತ್ತೇವೆ, ಏನೂ ಆಗುವುದಿಲ್ಲ. ರಕ್ತದಲ್ಲಿ ಸಕ್ಕರೆ ಏರಿ, ಮೈ ಕಾಯುವ ಬಿಳಿಯ ರಕ್ತಕಣಗಳು ಮಂಕಾದಾಗ ಮಾತ್ರ ಅದು ಮೂಗಿನ ಹಿಂದಿನ ಕುಹರಗಳಲ್ಲಿ ಬೇರೂರುತ್ತದೆ. ರಕ್ತನಾಳಗಳಿಗೆ ನುಗ್ಗಿ ಅವನ್ನು ಮುಚ್ಚುತ್ತದೆ. ರಕ್ತವಿಲ್ಲದೆ ಸತ್ತ ಮಾಂಸ ಕಪ್ಪಾಗುತ್ತದೆ. ಹೆಸರಿನಲ್ಲಿರುವ ಕಪ್ಪು ಬೂಷ್ಟಿನದಲ್ಲ. ಸತ್ತ ನಮ್ಮ ಮೈಯದು. ಸ್ಟೆರಾಯ್ಡ್ ಔಷಧ ಸಕ್ಕರೆಯನ್ನೂ ಏರಿಸುತ್ತದೆ, ರಕ್ತಕಣಗಳನ್ನೂ ಮಂಕಾಗಿಸುತ್ತದೆ. ಬೂಷ್ಟಿಗೆ ಇದಕ್ಕಿಂತ ದೊಡ್ಡ ಆಮಂತ್ರಣ ಪತ್ರಿಕೆ ಬೇಕೆ?

ಹಾಗೆಂದು ಸ್ಟೆರಾಯ್ಡ್ ವಿಷವೆಂದು ನಾವು ಹೇಳುತ್ತಿಲ್ಲ. 2020ರ ಜೂನ್‌ನಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಜ್ಞಾನಿಗಳು ನಡೆಸಿದ ‘ರಿಕವರಿ’ ಪರೀಕ್ಷೆಯ ಫಲಿತಾಂಶ ಬಂತು. ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಸ್ಟೆರಾಯ್ಡ್, ದಿನಕ್ಕೆ 6 ಮಿಲಿಗ್ರಾಂನಂತೆ ಹೆಚ್ಚೆಂದರೆ 10 ದಿನ ಕೊಟ್ಟಾಗ, ವೆಂಟಿಲೇಟರ್ ಮೇಲಿದ್ದವರ ಸಾವು ಮೂರರಲ್ಲಿ ಒಂದು ಪಾಲು ಕಡಿಮೆಯಾಯಿತು. ಆಮ್ಲಜನಕ ಬೇಕಾದವರಲ್ಲಿ ಐದರಲ್ಲಿ ಒಂದು ಪಾಲು. ಅದೇ ಪರೀಕ್ಷೆ ಇನ್ನೊಂದು ಮಾತನ್ನೂ ಹೇಳಿತ್ತು: ಆಮ್ಲಜನಕದ ಅಗತ್ಯವಿಲ್ಲದವರಿಗೆ ಇದರಿಂದ ಯಾವ ಲಾಭವೂ ಇಲ್ಲ. ಮೊದಲ ವಾಕ್ಯ ಮೊಬೈಲಿನಿಂದ ಮೊಬೈಲಿಗೆ ಹಾರಿತು. ಎರಡನೆಯ ವಾಕ್ಯ ಎಲ್ಲಿಯೋ ಬಿದ್ದುಹೋಯಿತು. ಸೌಮ್ಯ ರೋಗಕ್ಕೆ ಮೊದಲ ದಿನಗಳಲ್ಲೇ ಸ್ಟೆರಾಯ್ಡ್ ನುಂಗಬೇಡಿ ಎಂದು ದೆಹಲಿಯ ಏಮ್ಸ್‌ನ ಅಂದಿನ ನಿರ್ದೇಶಕ ಡಾ. ರಣದೀಪ್ ಗುಲೇರಿಯಾ ಅವರು 2021ರ ಮೇ ಮೊದಲ ವಾರದಲ್ಲಿ ಎಚ್ಚರಿಸುವ ಹೊತ್ತಿಗೆ ನಮ್ಮ ಬಡಾವಣೆಗಳ ಮನೆಮನೆಯಲ್ಲಿ ಆ ಗುಳಿಗೆಗಳು ಸೇರಿಬಿಟ್ಟಿದ್ದವು.

ಇಲ್ಲಿ ನಾವು ಒಂದು ತಪ್ಪೊಪ್ಪಿಗೆ ಬರೆಯಬೇಕಾಗಿದೆ. ನಮ್ಮ ವಾಚನಾಲಯಕ್ಕೆ ಭಾನುವಾರ ತಪ್ಪದೆ ಬರುತ್ತಿದ್ದ ಗೆಳೆಯರೊಬ್ಬರಿಗೆ 2021ರ ಏಪ್ರಿಲ್‌ನಲ್ಲಿ ಜ್ವರ ಬಂತು. ಆಸ್ಪತ್ರೆಗಳಲ್ಲಿ ಹಾಸಿಗೆ ಇಲ್ಲ, ವೈದ್ಯರು ಫೋನಿಗೆ ಸಿಗುತ್ತಿಲ್ಲ. ಆಗ ಅವರ ಮೊಬೈಲಿಗೆ ಒಂದು ಔಷಧ ಚೀಟಿಯ ಫೋಟೋ ಬಂತು. ಬೇರೆ ಯಾರಿಗೋ, ಬೇರೆ ಯಾವುದೋ ಊರಿನ ವೈದ್ಯರು ಬರೆದುಕೊಟ್ಟ ಚೀಟಿ. ಅದರಲ್ಲಿ ಐದು ಔಷಧಗಳು, ಮೂರನೆಯದು ಸ್ಟೆರಾಯ್ಡ್. ಔಷಧದಂಗಡಿಯವರು ಮೊಬೈಲಿನ ಫೋಟೋ ನೋಡಿಯೇ ಎಲ್ಲವನ್ನೂ ಕೊಟ್ಟರು. ಆಮ್ಲಜನಕ 97 ಇದ್ದ ಗೆಳೆಯರು ಹದಿನಾರು ದಿನ ಆ ಗುಳಿಗೆ ನುಂಗಿದರು. ಎಂಟು ವರ್ಷದಿಂದ ಸಕ್ಕರೆ ಕಾಯಿಲೆ ಇದ್ದರೂ ಆ ಹದಿನಾರು ದಿನ ಒಮ್ಮೆಯೂ ರಕ್ತ ಪರೀಕ್ಷೆ ಮಾಡಿಸಲಿಲ್ಲ. ಜ್ವರ ಬಿಟ್ಟಿತು. ಪರೀಕ್ಷೆಯ ವರದಿ ನೆಗೆಟಿವ್ ಬಂತು. ಮನೆಯವರು ಸಂತೋಷದಿಂದ ಪಾಯಸ ಮಾಡಿದರು. ಅದಾಗಿ ಹತ್ತನೆಯ ದಿನ ಬಲಗಡೆಯ ದವಡೆ ಹಲ್ಲು ನೋಯುತ್ತದೆ ಎಂದರು, ಲವಂಗ ಇಟ್ಟುಕೊಂಡರು. ಹದಿಮೂರನೆಯ ದಿನ ಬಲಗಣ್ಣಿನ ರೆಪ್ಪೆ ಜೋತುಬಿತ್ತು. ಕೊನೆಗೆ ಅವರನ್ನು ಉಳಿಸಲು ಆ ಕಣ್ಣನ್ನೂ ಮೇಲ್ದವಡೆಯ ಅರ್ಧವನ್ನೂ ತೆಗೆಯಬೇಕಾಯಿತು. ಆಂಫೋಟೆರಿಸಿನ್ ಚುಚ್ಚುಮದ್ದಿಗಾಗಿ ಅವರ ಮಗ ನಾಲ್ಕು ದಿನ ಊರೆಲ್ಲ ಅಲೆದ.

ಆ ಚೀಟಿಯ ಫೋಟೋ ಕಳುಹಿಸಿದವರು ನಾವು. ನಾವೆಂದರೆ ಕನ್ನಡಿಗರಲ್ಲ, ಸಂಘವಲ್ಲ, ಸಮಾಜವಲ್ಲ. ಈ ಸಾಲುಗಳನ್ನು ಬರೆಯುತ್ತಿರುವ ನಾವೇ. ಬಿ.ಎಸ್‌ಸಿ. ಓದಿದ್ದೇವೆ. ನಮ್ಮ ಕಚೇರಿಯಲ್ಲಿ ಒಂದು ಕಡತದ ಆದೇಶವನ್ನು ಇನ್ನೊಂದು ಕಡತಕ್ಕೆ ಅಂಟಿಸಿದರೆ ಮೆಮೊ ಕೊಡುತ್ತಾರೆ. ಒಬ್ಬರ ಚೀಟಿಯನ್ನು ಇನ್ನೊಬ್ಬರ ಮೈಗೆ ಅಂಟಿಸುವಾಗ ನಮಗೆ ಅದು ನೆನಪಾಗಲಿಲ್ಲ. ಸಹಾಯ ಮಾಡಿದೆವು ಎಂಬ ಸಮಾಧಾನದಿಂದ ಅಂದು ರಾತ್ರಿ ನಿದ್ರೆಯನ್ನೂ ಮಾಡಿದೆವು. ಇದನ್ನು ಬರೆಯುವ ಮುನ್ನ ಗೆಳೆಯರ ಅನುಮತಿ ಕೇಳಿದಾಗ ಅವರು ಹೇಳಿದ್ದು ಇಷ್ಟೆ: “ನನ್ನ ಹೆಸರು ಬೇಡ. ಔಷಧದ ಹೆಸರು ಬರೆಯಿರಿ.”

ಆದ್ದರಿಂದ ಬರೆಯುತ್ತೇವೆ. ಡೆಕ್ಸಾಮೆಥಾಸೋನ್, ಪ್ರೆಡ್ನಿಸೋಲೋನ್, ಮಿಥೈಲ್‌ಪ್ರೆಡ್ನಿಸೋಲೋನ್: ಈ ಹೆಸರುಗಳನ್ನು ಓದುಗರು ಗುರುತಿಟ್ಟುಕೊಳ್ಳಲಿ. ಮೈಕೈ ನೋವಿಗೆ, ಕೆಮ್ಮಿಗೆ, ಚರ್ಮದ ತುರಿಕೆಗೆ ಅಂಗಡಿಯವರು ‘ಪವರ್‌ಫುಲ್ ಗುಳಿಗೆ’ ಎಂದು ಬಿಡಿಯಾಗಿ ಕತ್ತರಿಸಿ ಕೊಡುವ ಪಟ್ಟಿಯಲ್ಲಿ ಇವು ಇರಬಹುದು. ವೈದ್ಯರೇ ನೋಡಿ ಕೊಟ್ಟಿದ್ದರೆ ಹೇಳಿದಷ್ಟು ದಿನ ತೆಗೆದುಕೊಳ್ಳಬೇಕು. ಬಹುದಿನಗಳಿಂದ ತೆಗೆದುಕೊಳ್ಳುತ್ತಿರುವವರು ಹೆದರಿ ಒಮ್ಮೆಗೇ ನಿಲ್ಲಿಸಲೂಬಾರದು. ಇತರರ ಚೀಟಿಯಿಂದ, ಹಳೆಯ ಚೀಟಿಯಿಂದ, ನಮ್ಮಂಥ ‘ವಿದ್ಯಾವಂತ’ ಹಿತೈಷಿಗಳ ಮೊಬೈಲಿನಿಂದ ಮಾತ್ರ ತೆಗೆದುಕೊಳ್ಳಬಾರದು.

ಇನ್ನು ಗಾಯಗಳ ವಿಚಾರ. ಮುಂಬಯಿಗೆ ಬಂದು ಮೂವತ್ತು ವರ್ಷವಾದರೂ ನಮ್ಮ ಮನೆಗಳಲ್ಲಿ ಕೈ ಕೊಯ್ದುಕೊಂಡರೆ ಮೊದಲು ನೆನಪಾಗುವುದು ಕಾಫಿಪುಡಿಯ ಡಬ್ಬಿ. ಗಾಯಕ್ಕೆ ಕಾಫಿಪುಡಿ ಒತ್ತುವುದು, ಅಡಿಗೆಮನೆಯ ಅರಿಸಿನ ಒತ್ತುವುದು, ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್ ಬಳಿಯುವುದು. ರಕ್ತ ನಿಂತಂತೆ ಕಾಣುತ್ತದೆ, ನಿಜ. ಆದರೆ ಚಮಚ, ಬೆರಳು, ಧೂಳು ಎಲ್ಲ ಮುಟ್ಟಿದ ಆ ಪುಡಿಯನ್ನು ಹಸಿ ಗಾಯದೊಳಗೆ ಹೂತಿಟ್ಟಂತಾಯಿತಲ್ಲ!

1865ರಲ್ಲಿ ಸ್ಕಾಟ್‌ಲೆಂಡಿನ ಗ್ಲಾಸ್ಗೋ ನಗರದಲ್ಲಿ ಹನ್ನೊಂದು ವರ್ಷದ ಹುಡುಗನೊಬ್ಬನ ಕಾಲಿನ ಮೇಲೆ ಗಾಡಿಯ ಚಕ್ರ ಹರಿದು, ಎಲುಬು ಮುರಿದು ಚರ್ಮ ಸೀಳಿತು. ಆ ಕಾಲದಲ್ಲಿ ಇಂಥ ಗಾಯವೆಂದರೆ ಕೊಳೆಯುವುದು ಬಹುತೇಕ ಖಂಡಿತ. ಕಾಲು ಕತ್ತರಿಸುವುದು ರೂಢಿ. ಜೋಸೆಫ್ ಲಿಸ್ಟರ್ ಎಂಬ ಶಸ್ತ್ರವೈದ್ಯರು ಗಾಯವನ್ನು ಕಾರ್ಬಾಲಿಕ್ ಆಮ್ಲದಿಂದ ತೊಳೆದು ಕಟ್ಟಿದರು. ಗಾಯ ಕೊಳೆಯಲಿಲ್ಲ, ಹುಡುಗ ತನ್ನ ಕಾಲ ಮೇಲೆ ನಡೆದು ಮನೆಗೆ ಹೋದ. ಲಿಸ್ಟರ್ ಲೋಕಕ್ಕೆ ಕಲಿಸಿದ ಪಾಠ ಇದು: ಮುರಿದ ಎಲುಬಿಗಿಂತ ಆಮೇಲೆ ಒಳಸೇರುವ ಸೂಕ್ಷ್ಮಾಣುಜೀವಿಯೇ ಹೆಚ್ಚು ಅಪಾಯಕಾರಿ. ಅದಾಗಿ ಒಂದೂವರೆ ಶತಮಾನ ಕಳೆದರೂ ನಾವು ಕಾಫಿಪುಡಿಯ ಡಬ್ಬಿ ಕೆಳಗಿಟ್ಟಿಲ್ಲ. ಮಾಡಬೇಕಾದದ್ದು ಬಹಳ ಸುಲಭ: ನಲ್ಲಿಯ ಹರಿಯುವ ನೀರಿನಲ್ಲಿ ಸೋಪು ಹಾಕಿ ಗಾಯವನ್ನು ಚೆನ್ನಾಗಿ ತೊಳೆಯುವುದು, ಶುದ್ಧ ಬಟ್ಟೆಯಿಂದ ಒತ್ತಿಹಿಡಿದು ರಕ್ತ ನಿಲ್ಲಿಸುವುದು, ಗಾಯ ಆಳವಾಗಿದ್ದರೆ ವೈದ್ಯರಲ್ಲಿಗೆ ಹೋಗುವುದು.

ಧನುರ್ವಾಯುವಿನ ಬಗ್ಗೆಯೂ ಒಂದು ಭ್ರಮೆ ಇದೆ. ತುಕ್ಕು ಹಿಡಿದ ಮೊಳೆ ಚುಚ್ಚಿದರೆ ಮಾತ್ರ ಸೂಜಿ ಹಾಕಿಸಬೇಕು ಎನ್ನುತ್ತಾರೆ. ರೋಗ ಇರುವುದು ತುಕ್ಕಿನಲ್ಲಲ್ಲ. ಮಣ್ಣಿನಲ್ಲಿ, ಧೂಳಿನಲ್ಲಿ, ಸಗಣಿಯಲ್ಲಿ. ಗುಲಾಬಿ ಮುಳ್ಳೂ ಸಾಕು. ಸಾಮಾನ್ಯವಾಗಿ ಮೂರರಿಂದ ಇಪ್ಪತ್ತೊಂದು ದಿನದೊಳಗೆ ದವಡೆ ಬಿಗಿಯುತ್ತದೆ. ಅಷ್ಟು ಹೊತ್ತಿಗೆ ಗಾಯ ಒಣಗಿ, ನಾವು ಅದನ್ನು ಮರೆತೂ ಇರುತ್ತೇವೆ. ಬಾಣಂತಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ಭಾರತ ನಿವಾರಿಸಿದೆ ಎಂದು 2015ರಲ್ಲಿ ದೃಢಪಟ್ಟಿತು. ಗರ್ಭಿಣಿಯರಿಗೆ ಸೂಜಿ, ಶುದ್ಧವಾದ ಹೆರಿಗೆ, ಶುದ್ಧವಾದ ಹೊಕ್ಕುಳಬಳ್ಳಿ, ಇಷ್ಟರಿಂದಲೇ ಆದ ಕೆಲಸ ಅದು. ಕೂಸುಗಳನ್ನು ಕಾಪಾಡಿದ ದೇಶದಲ್ಲಿ ಐವತ್ತು ದಾಟಿದ ಯಜಮಾನರು ತಾವು ಕೊನೆಯ ಸೂಜಿ ಯಾವಾಗ ಹಾಕಿಸಿಕೊಂಡೆವು ಎಂಬುದನ್ನು ಹೇಳಲಾರರು. ನಮ್ಮ ಓದುಗರು ಇಂದೇ ಪರೀಕ್ಷಿಸಿಕೊಳ್ಳಬಹುದು.

ಸಕ್ಕರೆ ಕಾಯಿಲೆಯವರ ಕಾಲಿನ ಗಾಯವಂತೂ ಬೇರೆಯೇ ಕಥೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ 10 ಕೋಟಿ 10 ಲಕ್ಷ ಜನರಿಗೆ ಈ ಕಾಯಿಲೆ ಇದೆ. ವರ್ಷಗಳು ಕಳೆದಂತೆ ಪಾದದ ನರಗಳು ಜಡವಾಗುತ್ತವೆ; ಗುಳ್ಳೆ ಎದ್ದರೂ ನೋವಿಲ್ಲ. ನೋವಿಲ್ಲದ್ದರಿಂದ ನೋಡುವುದಿಲ್ಲ, ನೋಡದ್ದರಿಂದ ಕೀವಾಗುತ್ತದೆ, ರಕ್ತದ ಓಡಾಟ ಕಡಿಮೆಯಾದ್ದರಿಂದ ಮಾಯುವುದಿಲ್ಲ. ‘ನೋವೇ ಇರಲಿಲ್ಲವಲ್ಲ’ ಎನ್ನುತ್ತಾ ಬೆರಳು ಕಳೆದುಕೊಂಡವರು ನಮ್ಮ ನಡುವೆಯೇ ಇದ್ದಾರೆ. ಕ್ರಿಕೆಟ್ ನೋಡಲು ದಿನಕ್ಕೆ ಮೂರು ಗಂಟೆ ಇರುವವರು ಮಲಗುವ ಮುನ್ನ ಎರಡು ನಿಮಿಷ ತಮ್ಮ ಪಾದ ನೋಡಿಕೊಳ್ಳಲಾರರೆ?

ಮಕ್ಕಳ ಮಾತಿಗೆ ಬರೋಣ. ದಡಾರ ಎಂದರೆ ನಮ್ಮಲ್ಲಿ ಇಂದಿಗೂ ‘ಎಲ್ಲ ಮಕ್ಕಳಿಗೂ ಒಮ್ಮೆ ಬಂದು ಹೋಗುವಂಥದ್ದು’. ಬೇವಿನ ಸೊಪ್ಪು ಇಟ್ಟರೆ ಆಯಿತು ಎಂಬ ಉಡಾಫೆ. 2022ರ ಅಕ್ಟೋಬರ್-ನವೆಂಬರ್‌ನಲ್ಲಿ ಇದೇ ಮುಂಬಯಿಯ ಗೋವಂಡಿಯಲ್ಲಿ ದಡಾರ ಹಬ್ಬಿ ಮಕ್ಕಳು ಸತ್ತರು. ದಡಾರದ ಕೆಂಪು ಗುಳ್ಳೆಗಳು ಮಗುವನ್ನು ಕೊಲ್ಲುವುದಿಲ್ಲ. ಅದರ ಬೆನ್ನಿಗೇ ಬರುವ ನ್ಯುಮೋನಿಯಾ ಮತ್ತು ಭೇದಿ ಕೊಲ್ಲುತ್ತವೆ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇನ್ನೂ ಭಯಂಕರ ಸಂಗತಿಯನ್ನು ತಿಳಿಸಿತು. ಲಸಿಕೆ ಪಡೆಯದ, ದಡಾರ ಬಂದುಹೋದ ಮಕ್ಕಳ ರಕ್ತ ನೋಡಿದಾಗ, ಹಿಂದಿನ ರೋಗಗಳ ವಿರುದ್ಧ ಅವರು ಗಳಿಸಿದ್ದ ರಕ್ಷಣೆಯಲ್ಲಿ ನೂರಕ್ಕೆ 11ರಿಂದ 73ರಷ್ಟು ಅಳಿಸಿಹೋಗಿತ್ತು! ಮಗುವಿನ ಮೈ ತಾನು ಕಲಿತದ್ದನ್ನೇ ಮರೆಯುತ್ತದೆ. ಮತ್ತೆ ಕಲಿಯಲು ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಬೇಕು. ಒಂಬತ್ತು ತಿಂಗಳು ತುಂಬಿದಾಗ ಒಂದು, ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳೊಳಗೆ ಇನ್ನೊಂದು, ಎರಡು ಸೂಜಿಗಳಿಂದ ತಪ್ಪುವ ಅನರ್ಥ ಇದು. ಆ ಸೂಜಿ ಸರ್ಕಾರಿ ಕೇಂದ್ರದಲ್ಲಿ ಪುಕ್ಕಟೆ. ‘ಊರಿಗೆ ಹೋದಾಗ ಹಾಕಿಸೋಣ’ ಎಂದು ಎರಡನೆಯದನ್ನು ಮುಂದೂಡುವ ಚಾಳಿ ನಮ್ಮಂಥ ವಲಸೆ ಸಂಸಾರಗಳದೇ. ಊರಿನಲ್ಲಿ ‘ಮುಂಬಯಿಯಲ್ಲಿ ಹಾಕಿಸಿರಬೇಕು’ ಎಂದುಕೊಳ್ಳುತ್ತಾರೆ. ಕೂಸು ನಡುವೆ ಉಳಿಯುತ್ತದೆ.

ಇಷ್ಟು ಹೇಳಿದಾಗ ನಮ್ಮ ಹಿರಿಯ ಸದಸ್ಯರು ಕೆಲವರು, “ಇದೆಲ್ಲ ಪಟ್ಟಣದ ಪಾಪ. ಊರಿನಲ್ಲಿ ಪಥ್ಯ ಇತ್ತು, ಬಾಣಂತನ ಇತ್ತು, ಜ್ವರ ಬಿಟ್ಟ ಮೇಲೆ ಹದಿನೈದು ದಿನ ಹೊಸ್ತಿಲು ದಾಟಿಸುತ್ತಿರಲಿಲ್ಲ” ಎನ್ನುತ್ತಾರೆ. ಅರ್ಧ ಒಪ್ಪುತ್ತೇವೆ. ಚೇತರಿಕೆಯೂ ರೋಗದ ಒಂದು ಭಾಗ ಎಂಬ ತಿಳಿವಳಿಕೆ ಆ ಪದ್ಧತಿಯಲ್ಲಿತ್ತು. ಆದರೆ ಕಾಫಿಪುಡಿಯೂ ಅಲ್ಲಿಂದಲೇ ಬಂದದ್ದು. ಸೊರಗಿದ ಮೈಗೆ ಹಾಲು, ಬೇಳೆ, ಮೊಟ್ಟೆ ಬೇಕಾದಾಗ ಬರೀ ಗಂಜಿ ಕೊಟ್ಟು ಇನ್ನಷ್ಟು ಸೊರಗಿಸಿದ್ದೂ ಆ ಪಥ್ಯವೇ. ಬೆನ್ನು ತಟ್ಟಿಕೊಳ್ಳುವ ಮೊದಲು ನಾವು ಮಾಡಿದ ವ್ಯಾಪಾರವನ್ನು ನೋಡಬೇಕು: ಊರಿನಿಂದ ಕಾಫಿಪುಡಿಯ ಡಬ್ಬಿ ತಂದೆವು, ವಿಶ್ರಾಂತಿಯನ್ನು ಅಲ್ಲೇ ಬಿಟ್ಟೆವು. ಪಟ್ಟಣದಿಂದ ಸ್ಟೆರಾಯ್ಡ್ ಕಲಿತೆವು, ರಕ್ತ ಪರೀಕ್ಷೆಯನ್ನು ಕಲಿಯಲಿಲ್ಲ. ಎರಡು ಕಡೆಯ ಕೆಟ್ಟದ್ದನ್ನೂ ಆರಿಸಿಕೊಳ್ಳಲು ಬುದ್ಧಿವಂತಿಕೆ ಬೇಕು!

ಇನ್ನು ಕೆಲವರು, “ರಜೆ ಎಲ್ಲಿದೆ ಸ್ವಾಮಿ?” ಎನ್ನುತ್ತಾರೆ. ಇದು ನಿಜವಾದ ಪ್ರಶ್ನೆ. ಕೇಂದ್ರ ಸರ್ಕಾರದ 1972ರ ರಜೆ ನಿಯಮಗಳಂತೆ ವೈದ್ಯಕೀಯ ರಜೆ ಪಡೆದ ನೌಕರ ಫಿಟ್‌ನೆಸ್ ಸರ್ಟಿಫಿಕೇಟ್ ಇಲ್ಲದೆ ಕೆಲಸಕ್ಕೆ ಮರಳುವಂತಿಲ್ಲ. ಎಷ್ಟು ಒಳ್ಳೆಯ ನಿಯಮ! ಮೈ ಪೂರ್ತಿ ಚೇತರಿಸಿತೆ ಎಂದು ವೈದ್ಯರು ನೋಡಿ ಹೇಳಲಿ ಎಂಬುದು ಅದರ ಉದ್ದೇಶ. ನಾವು ಅದನ್ನು ಏನು ಮಾಡಿದ್ದೇವೆ? ರಜೆಯ ಸರ್ಟಿಫಿಕೇಟ್ ಬರೆಸುವ ದಿನವೇ ಫಿಟ್‌ನೆಸ್ ಸರ್ಟಿಫಿಕೇಟನ್ನೂ ಮುಂದಿನ ತಾರೀಖು ಹಾಕಿಸಿ ಜೇಬಿಗಿಳಿಸುತ್ತೇವೆ. ವೈದ್ಯರಿಗೂ ಅನುಕೂಲ, ನಮಗೂ ಅನುಕೂಲ, ಕಚೇರಿಗೂ ಅನುಕೂಲ. ಅನನುಕೂಲ ನಮ್ಮ ಶ್ವಾಸಕೋಶಕ್ಕೆ ಮಾತ್ರ. ನಾವು ಸರ್ಕಾರಿ ನೌಕರರಾದರೂ ರಜೆಯ ಹಕ್ಕುಳ್ಳವರು. ಹೋಟೆಲಿನಲ್ಲಿ ದುಡಿಯುವ ನಮ್ಮ ಹುಡುಗರಿಗೆ ಜ್ವರ ಬಿಟ್ಟ ಮರುದಿನವೇ ಒಲೆಯ ಮುಂದೆ ನಿಲ್ಲದೆ ಗತಿಯಿಲ್ಲ. ಸಂಘಕ್ಕೆ ಉದಾರವಾಗಿ ದೇಣಿಗೆ ಕೊಡುವ ಹೋಟೆಲು ಮಾಲೀಕರು ನಮ್ಮ ಸದಸ್ಯರೇ ಆಗಿದ್ದಾರೆ. ಅವರು ರಾಜ್ಯೋತ್ಸವದ ಊಟದ ಖರ್ಚು ಸ್ವಲ್ಪ ಇಳಿಸಿ, ಕಾಯಿಲೆ ಬಿದ್ದ ಹುಡುಗನಿಗೆ ಒಂದು ವಾರದ ಸಂಬಳದ ರಜೆ ಕೊಟ್ಟರೆ ಕನ್ನಡಾಂಬೆ ಮುನಿಯುವುದಿಲ್ಲ.

ಮತ್ತೆ ಕೆಲವರ ವಾದ: “ಆಸ್ಪತ್ರೆಯಲ್ಲೇ ಸೋಂಕು ತಗಲುತ್ತದೆ, ನಾವೇನು ಮಾಡೋಣ?” ನಿಜ, ತಗಲುತ್ತದೆ. ಮೂತ್ರದ ನಳಿಕೆ, ರಕ್ತನಾಳದ ಸೂಜಿ, ವೆಂಟಿಲೇಟರ್, ಎಲ್ಲವೂ ಮೈಗೆ ತೆರೆದ ಬಾಗಿಲುಗಳೇ. ಕೈ ತೊಳೆಯದ ಸಿಬ್ಬಂದಿ, ಒಂದೇ ಹಾಸಿಗೆಗೆ ಇಬ್ಬರು ರೋಗಿಗಳು, ಇವನ್ನು ಪ್ರಶ್ನಿಸಲೇಬೇಕು. ಆದರೆ ಶಸ್ತ್ರಚಿಕಿತ್ಸೆಯಾದ ಮರುದಿನ ಹನ್ನೆರಡು ಜನ ನೆಂಟರು ಲೋಕಲ್ ಗಾಡಿಯ ಕಂಬಿ ಹಿಡಿದ ಕೈಯಲ್ಲೇ ರೋಗಿಯ ತಲೆ ಸವರಿ, ಹಾಸಿಗೆಯ ಮೇಲೆ ಕುಳಿತು, ಬ್ಯಾಂಡೇಜು ಸರಿಸಿ ನೋಡಿ, ಬಾಳೆಹಣ್ಣು ತಿನ್ನಿಸಿ ಬರುವುದು ಯಾವ ಆಸ್ಪತ್ರೆಯ ತಪ್ಪು? ಪ್ರೀತಿ ತೋರಿಸಲು ಕೈ ತೊಳೆಯಬಾರದೆಂದು ಯಾವ ಶಾಸ್ತ್ರ ಹೇಳಿದೆ?

ಆ್ಯಂಟಿಬಯೊಟಿಕ್ ಔಷಧಗಳ ಮಾತೂ ಇಲ್ಲೇ ಬರಬೇಕು. ಎರಡನೆಯ ಸೋಂಕು ಬಂದಾಗ ನಮ್ಮನ್ನು ಉಳಿಸಬೇಕಾದ ಆಯುಧ ಅದು. ಅದನ್ನು ನಾವು ಮೊದಲ ನೆಗಡಿಗೇ, ಯಾವ ಲಾಭವೂ ಇಲ್ಲದ ವೈರಸ್ ಜ್ವರಕ್ಕೇ, ಎರಡು ಗುಳಿಗೆ ನುಂಗಿ ಉಳಿದದ್ದನ್ನು ದೇವರ ಗೂಡಿನ ಪಕ್ಕ ಎತ್ತಿಟ್ಟು ಮೊಂಡು ಮಾಡಿದ್ದೇವೆ. ಅರೆಬರೆ ಪೆನಿಸಿಲಿನ್ ಸೇವನೆ ಬ್ಯಾಕ್ಟೀರಿಯಾಗಳಿಗೆ ಪಾಠ ಹೇಳಿಕೊಟ್ಟಂತೆ ಎಂದು ಅದನ್ನು ಕಂಡುಹಿಡಿದ ಅಲೆಗ್ಸಾಂಡರ್ ಫ್ಲೆಮಿಂಗ್ 1945ರಲ್ಲೇ ಎಚ್ಚರಿಸಿದ್ದರು. ನಮ್ಮ ಸರ್ಕಾರ 2014ರ ಮಾರ್ಚ್‌ನಿಂದ ಹಲವು ಪ್ರಬಲ ಆ್ಯಂಟಿಬಯೊಟಿಕ್‌ಗಳನ್ನು ‘ಎಚ್1’ ಪಟ್ಟಿಗೆ ಸೇರಿಸಿತು. ವೈದ್ಯರ ಚೀಟಿ ನೋಡಿ, ರೋಗಿಯ ಹೆಸರನ್ನು ಪುಸ್ತಕದಲ್ಲಿ ಬರೆದು, ಮೂರು ವರ್ಷ ಕಾದಿಡಬೇಕೆಂದು ಅಂಗಡಿಗಳಿಗೆ ವಿಧಿಸಿತು. ಚೀಟಿ ಕೇಳುವ ಅಂಗಡಿಯವನನ್ನು ‘ದೊಡ್ಡ ಮನುಷ್ಯ’ ಎಂದು ಮೂದಲಿಸಿ ಪಕ್ಕದ ಅಂಗಡಿಗೆ ಹೋಗುವವರು ನಾವೇ ಅಲ್ಲವೆ? ಕೇಳುವವರನ್ನು ಮೆಚ್ಚಬೇಕು, ಕೇಳದವರನ್ನು ಬಿಡಬೇಕು.

ಬರೀ ಬೈದು ಮುಗಿಸುವುದು ನಮ್ಮ ಉದ್ದೇಶವಲ್ಲ. ಮನೆಯ ಗೋಡೆಗೆ ಅಂಟಿಸಬಹುದಾದ ಮಾತು ಇಷ್ಟು. ಇಳಿದ ಜ್ವರ ಮತ್ತೆ ಏರಿದರೆ, ಉಸಿರು ಸಿಕ್ಕಿಕೊಂಡರೆ, ಮಾತು ತೊದಲಿ ಗೊಂದಲವಾದರೆ, ಮೂತ್ರ ಕಡಿಮೆಯಾದರೆ, ಗಾಯದ ಸುತ್ತ ಕೆಂಪು ಹರಡಿದರೆ, ಮುಖದ ಒಂದೇ ಪಾರ್ಶ್ವ ನೋಯುತ್ತ ಊದಿಕೊಂಡರೆ, ಬೆಳಗಾಗುವವರೆಗೆ ಕಾಯಬಾರದು. ಜ್ವರ ಬಿಟ್ಟ ಮೇಲೆ ನಾಲ್ಕು ವಾರ ‘ಇನ್ನೂ ರೋಗದ ಮನೆ’ ಎಂದೇ ಭಾವಿಸಬೇಕು. ಸಕ್ಕರೆ ಕಾಯಿಲೆಯವರು ಯಾವ ಜ್ವರದಲ್ಲೂ ರಕ್ತದ ಸಕ್ಕರೆ ನೋಡಿಕೊಳ್ಳಬೇಕು. ಅರವತ್ತು ದಾಟಿದವರು ಫ್ಲೂ ಮತ್ತು ನ್ಯುಮೋನಿಯಾ ಲಸಿಕೆಗಳ ಬಗ್ಗೆ ತಮ್ಮ ವೈದ್ಯರನ್ನು ಕೇಳಬೇಕು.

ಸಂಘಕ್ಕೆ ನಮ್ಮ ಬೇಡಿಕೆ ಒಂದೇ. ನಮ್ಮಲ್ಲಿ ಮಕ್ಕಳು ಅಮೆರಿಕದಲ್ಲಿದ್ದು ಇಬ್ಬರೇ ಇರುವ ವೃದ್ಧರಿದ್ದಾರೆ. ಒಂದು ಕೋಣೆಯಲ್ಲಿ ಆರು ಜನ ಮಲಗುವ ಹೋಟೆಲು ಹುಡುಗರಿದ್ದಾರೆ. ಇವರಿಗೆ ಜ್ವರ ಬಂದಾಗ ನಾವು ವಿಚಾರಿಸುತ್ತೇವೆ. ಬಿಟ್ಟ ಮೇಲೆ ವಿಚಾರಿಸುವುದಿಲ್ಲ. ಆ ಎರಡನೆಯ ವಿಚಾರಣೆಗಾಗಿ ಸಂಘ ಒಂದು ಪುಸ್ತಕ ಇಡಲಿ. ಯಾರು ಕಾಯಿಲೆಯಿಂದ ಎದ್ದರು, ಯಾರು ಆಸ್ಪತ್ರೆಯಿಂದ ಬಂದರು ಎಂದು ಬರೆದುಕೊಂಡು, ನಾಲ್ಕು ವಾರ, ವಾರಕ್ಕೆರಡು ಬಾರಿ ಒಬ್ಬ ಸದಸ್ಯ ಫೋನು ಮಾಡಲಿ ಅಥವಾ ಕೈ ತೊಳೆದುಕೊಂಡು ಹೋಗಿ ನೋಡಿ ಬರಲಿ. ಒಂದು ಥರ್ಮಾಮೀಟರು, ಒಂದು ಆಕ್ಸಿಮೀಟರು, ಒಂದು ಸಕ್ಕರೆ ನೋಡುವ ಯಂತ್ರ ಕಪಾಟಿನಲ್ಲಿರಲಿ. ಕಳೆದ ರಾಜ್ಯೋತ್ಸವದ ಶಾಲು-ಹಾರಗಳ ಖರ್ಚಿನಲ್ಲಿ ಇವು ಮೂರೂ ಬರುತ್ತಿದ್ದವು.

ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಈ ಪ್ರಸ್ತಾವವನ್ನು ಮಂಡಿಸಲಿದ್ದೇವೆ. ನಮ್ಮ ಗೆಳೆಯರು ಅನುಮೋದಿಸುವುದಾಗಿ ಹೇಳಿದ್ದಾರೆ. ಪುಸ್ತಕದ ಮೊದಲ ಆರು ತಿಂಗಳ ಫೋನುಗಳನ್ನು ತಾವೇ ಮಾಡುತ್ತೇನೆ ಎಂದೂ ಹೇಳಿದ್ದಾರೆ. ಓದುವುದು ಕಷ್ಟವಾಗಿದೆ, ಮಾತಾಡಲು ತೊಂದರೆಯಿಲ್ಲ ಎಂದರು. ವಿರೋಧಿಸುವವರು ಸಭೆಗೆ ಬಂದು, ಅವರ ಎದುರಿಗೆ ಕುಳಿತು, ವಿರೋಧಿಸಲಿ.